ಹಳಿ ಕಿತ್ತವರ ರೈಲು ಪ್ರೀತಿ

ರೈಲನ್ನು ಪ್ರೀತಿಸುವುದು ಹೇಗೆಂದು ಕಲಿಯಬೇಕಾದರೆ ಕೆನಡಾದ ಪ್ರೇರಿ ಎಂಬ ಹುಲ್ಲುಗಾವಲಿನ ಬಯಲಿಗೇ ಹೋಗಬೇಕು. ಹೋಗುವುದಕ್ಕೆ ರೈಲು ಸಿಗುವುದು ಕಷ್ಟ, ಆ ಮಾತು ಬೇರೆ. ಸಸ್ಕಾಚೆವನ್ ಪ್ರಾಂತ್ಯದ ರಾಜಧಾನಿ ರೆಜೈನಾದಿಂದ ಪ್ರಯಾಣಿಕರ ರೈಲು 1990ರ ಜನವರಿಯಲ್ಲಿ ಕಾಲು ಕಿತ್ತಿತು. ಅಷ್ಟು ದೊಡ್ಡ ಯೂನಿಯನ್ ಸ್ಟೇಷನ್ ಸುಮ್ಮನೆ ಹಾಳುಬೀಳಬಾರದಲ್ಲ? 1996ರಲ್ಲಿ ಅಲ್ಲಿ ಸರ್ಕಾರಿ ನಿಗಮದ ಜೂಜುಕಟ್ಟೆ ತೆರೆಯಿತು. ಮೊದಲು ಹಣ ಕೊಟ್ಟವರು ಪ್ರಯಾಣ ಮಾಡುತ್ತಿದ್ದರು, ಈಗ ಹಣ ಮಾತ್ರ ಮಾಡುತ್ತದೆ.

ಇಲ್ಲಿನ ಸಣ್ಣ ಊರುಗಳನ್ನು ಹಡೆದದ್ದೇ ರೈಲು. ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಎಂಬ ರೈಲು ಕಂಪನಿಯಂತೂ ನಿಲ್ದಾಣಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಟ್ಟಿತು. ವಾಟ್ರಸ್ (W), ಝೀನಾ (X), ಯಂಗ್ (Y), ಝೆಲ್ಮಾ (Z) ಎಂದು ಕೊನೆಯ ಅಕ್ಷರ ಮುಟ್ಟಿದಾಗ ಮತ್ತೆ ಮೊದಲಿನಿಂದ ಅಲನ್, ಬ್ರಾಡ್‌ವೆಲ್, ಕ್ಲಾವೆಟ್. ಊರು ಹುಟ್ಟುವ ಮೊದಲೇ ಕಡತ ಜೋಡಿಸಿಟ್ಟ ಪುಣ್ಯಾತ್ಮರು! ಮುಂದೆ ಪತ್ರಾಗಾರಕ್ಕೆ ಸೇರುವುದೇ ಈ ಊರುಗಳ ಹಣೆಬರಹವೆಂದು ಯಾವ ಗುಮಾಸ್ತನಿಗೆ ಹೊಳೆದಿತ್ತೋ.

ಹಣೆಬರಹದಂತೆಯೇ ಆಯಿತು. 1930ರ ದಶಕದಲ್ಲಿ ಹಳಿಯ ಪಕ್ಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಎಲಿವೇಟರ್‌ಗಳು, ಅಂದರೆ ಧಾನ್ಯ ತುಂಬಿಡುವ ಮರದ ಗೋಪುರಗಳು, ನಿಂತಿದ್ದವು. ಇಂದು ಉಳಿದಿರುವುದು ಕೆಲವು ನೂರು. 1897ರ ಒಪ್ಪಂದದಿಂದ ಬಂದ ಅಗ್ಗದ ಧಾನ್ಯ ಸಾಗಣೆಯ ವ್ಯವಸ್ಥೆ 1995ರಲ್ಲಿ ಪೂರ್ತಿ ಮುಗಿಯಿತು, ಲಾಭವಿಲ್ಲದ ಕವಲು ಹಳಿಗಳು ಒಂದೊಂದಾಗಿ ಕಿತ್ತುಹೋದವು. ಕಂಪನಿ ಬಿಟ್ಟುಹೋದ ನಿಲ್ದಾಣದ ಕಟ್ಟಡವನ್ನು ಊರವರು ಕೊಂಡು, ಬುಡಸಮೇತ ಎತ್ತಿ, ಬೇರೆಡೆ ಸಾಗಿಸಿ, ಬಣ್ಣ ಬಳಿದು ವಸ್ತುಸಂಗ್ರಹಾಲಯ ಮಾಡಿದರು. ಹಳಿ ಇದ್ದಲ್ಲಿ ನಿಲ್ದಾಣವಿಲ್ಲ, ನಿಲ್ದಾಣ ಇದ್ದಲ್ಲಿ ಹಳಿಯಿಲ್ಲ. ಬದುಕಿದ್ದಾಗ ಗಂಜಿ ಕಾಣದ ಅಜ್ಜನಿಗೆ ತಿಥಿಯ ದಿನ ವಡೆ, ಪಾಯಸ.

ಒಳಗೆ ತಂತಿ ಕಳಿಸುವ ಕೀಲಿ, ಸಿಗ್ನಲ್ ಲಾಂದ್ರ, ಕೆನೆ ತುಂಬುವ ಡಬ್ಬ, ಮತ್ತು ಪ್ರತಿ ಮನೆಯಿಂದಲೂ ದಾನ ಬಂದಿರುವ ಹೊಲಿಗೆ ಯಂತ್ರ. ಇವನ್ನೆಲ್ಲ ಕಾಯುವವರು ನಿವೃತ್ತ ಅಜ್ಜಿಯರು. ಲಾಭ ಕಂಪನಿಯ ಷೇರುದಾರರಿಗೆ, ನೆನಪಿನ ಖರ್ಚು ಈ ಅಜ್ಜಿಯರು ಒಲೆಯಲ್ಲಿ ಬೇಯಿಸಿ ಮಾರುವ ಹಣ್ಣಿನ ‘ಪೈ’ ತಿನಿಸುಗಳಿಗೆ. ಜುಲೈ, ಆಗಸ್ಟ್ ಮಧ್ಯಾಹ್ನ ಬಾಗಿಲು ತೆರೆದಿರುತ್ತದೆ. ಉಳಿದ ತಿಂಗಳಲ್ಲಿ ಇತಿಹಾಸ ಬೇಕಾದವರು ಬಾಗಿಲಿಗೆ ಅಂಟಿಸಿದ ಸಂಖ್ಯೆಗೆ ಫೋನ್ ಮಾಡಬೇಕು.

ಸಂಗ್ರಹದ ಮುಕುಟಮಣಿಯೆಂದರೆ ಊರಿನ ಕುಟುಂಬಗಳ ಚರಿತ್ರೆಯ ದಪ್ಪ ಪುಸ್ತಕ. 1980ರಲ್ಲಿ ಆಲ್ಬರ್ಟಾ, ಸಸ್ಕಾಚೆವನ್ ಎರಡೂ ಪ್ರಾಂತ್ಯಗಳಿಗೆ ಎಪ್ಪತ್ತೈದು ವರ್ಷ ತುಂಬಿದಾಗ ಇಂಥವು ಮಳೆಗಾಲದ ಅಣಬೆಗಳ ಹಾಗೆ ಎದ್ದವು. ತಮ್ಮ ಮನೆತನದ ಅಧ್ಯಾಯವನ್ನು ಆಯಾ ಮನೆಯವರೇ ಬರೆದುಕೊಟ್ಟದ್ದರಿಂದ ಸತ್ಯಕ್ಕೆ ಹೆಚ್ಚು ತೊಂದರೆ ಕೊಡಬೇಕಾಗಲಿಲ್ಲ. ಅಜ್ಜ ಹತ್ತು ಡಾಲರ್ ಶುಲ್ಕ ಕಟ್ಟಿ 160 ಎಕರೆ ಪಡೆದ, ಬೆವರು ಸುರಿಸಿದ, ಎಲ್ಲರಿಗೂ ಬೇಕಾದವನಾಗಿದ್ದ. ಕುಡಿದವನಿಲ್ಲ, ಸಾಲ ತೀರಿಸದೆ ರಾತ್ರೋರಾತ್ರಿ ಪರಾರಿಯಾದವನಿಲ್ಲ, ಅಣ್ಣತಮ್ಮಂದಿರು ಬೇಲಿಗಾಗಿ ಮಾತು ಬಿಟ್ಟದ್ದಿಲ್ಲ. ಫೋಟೋದ ಕೆಳಗೆ ಅಜ್ಜಿಗೆ ಸ್ವಂತ ಹೆಸರೂ ಇಲ್ಲ: ಅವಳು ‘ಶ್ರೀಮತಿ’, ಮುಂದೆ ಗಂಡನ ಹೆಸರು. ಹೋರಿಗೆ ಮಾತ್ರ ಹೆಸರುಂಟು, ಅದು ಜಾತ್ರೆಯಲ್ಲಿ ಬಹುಮಾನ ಗೆದ್ದಿತ್ತಲ್ಲ.

ಕಥೆ ಶುರುವಾಗುವುದು ಹಳಿ ಬಂದ ದಿನ. ಅದಕ್ಕೆ ಮೊದಲು ನೆಲ ಖಾಲಿ ಇತ್ತಂತೆ! ಖಾಲಿ ನೆಲದಲ್ಲಿ ಸರ್ಕಾರದವರು ಯಾರೊಂದಿಗೆ 1874ರಲ್ಲಿ ನೆಲದ ನಾಲ್ಕನೆಯ ಒಪ್ಪಂದಕ್ಕೆ ಸಹಿ ಹಾಕಿದರೋ ಆ ಮೂಲನಿವಾಸಿ ಕ್ರೀ, ಸೋಟೋ ಜನರನ್ನೇ ಕೇಳಬೇಕು. ರೆಜೈನಾ ಇರುವ ಜಾಗದಲ್ಲಿ ಅವರು ಬೇಟೆಯಾಡುತ್ತಿದ್ದ ಬೈಸನ್ ಎಂಬ ಕಾಡುದನಗಳ ಮೂಳೆಗಳು ರಾಶಿ ಬಿದ್ದಿದ್ದವು. ರೈಲು ಬಂದ ಮೇಲೆ ಬಯಲಿನ ಮೂಳೆಗಳನ್ನೆಲ್ಲ ಆಯ್ದು, ವ್ಯಾಗನ್‌ಗಟ್ಟಲೆ ತುಂಬಿ, ಗೊಬ್ಬರಕ್ಕೆ ಕಳಿಸಿದರು. ಹಳೆಯ ದಾಖಲೆಗಳನ್ನು ಇಷ್ಟು ಅಚ್ಚುಕಟ್ಟಾಗಿ ವಿಲೇವಾರಿ ಮಾಡಿದ ಇಲಾಖೆ ಬೇರೆಲ್ಲೂ ಇರಲಾರದು.

ಚೀನೀಯರ ಗತಿಯೂ ಅಷ್ಟೆ. ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ಹಳಿ ಹಾಸಿದರು. 1885ರ ನವೆಂಬರ್ 7ರಂದು ಅಲ್ಲಿನ ಕ್ರೆಗೆಲಾಖಿಯಲ್ಲಿ ದೇಶದ ಪೂರ್ವ ಪಶ್ಚಿಮ ಜೋಡಿಸುವ ಹಳಿಗೆ ಕೊನೆಯ ಮೊಳೆ ಹೊಡೆಯುವ ಪ್ರಸಿದ್ಧ ಫೋಟೋದಲ್ಲಿ ಒಂದು ಚೀನೀ ಮುಖವೂ ಕಾಣುವುದಿಲ್ಲ. ರೈಲು ಕಂಪನಿಯ ನಿರ್ದೇಶಕ ಡೊನಾಲ್ಡ್ ಸ್ಮಿತ್ ಸಾಹೇಬರು ಸುತ್ತಿಗೆ ಎತ್ತಿ ಮೊದಲ ಮೊಳೆಯನ್ನು ಬಗ್ಗಿಸಿಬಿಟ್ಟರು, ಇನ್ನೊಂದನ್ನು ತರಬೇಕಾಯಿತು. ಮೊಳೆ ಹೊಡೆಯಲು ಬರುವವರನ್ನೆಲ್ಲ ಚಿತ್ರದಿಂದ ಆಚೆ ನಿಲ್ಲಿಸಿದರೆ ಇನ್ನೇನಾದೀತು? ಅದೇ ವರ್ಷ ಚೀನೀಯರಿಗೆ ತಲೆಗೆ ಐವತ್ತು ಡಾಲರ್ ಪ್ರವೇಶ ತೆರಿಗೆ ಬಂತು, 1903ರಲ್ಲಿ ಐನೂರಾಯಿತು. ಮುಂದೆ ಪ್ರೇರಿಯ ಊರೂರಲ್ಲಿ ಹೋಟೆಲು ನಡೆಸಿ ಇಡೀ ಊರಿಗೆ ಉಣಬಡಿಸಿದವನಿಗೆ ದಪ್ಪ ಪುಸ್ತಕದಲ್ಲಿ ಸಿಕ್ಕಿದ್ದು ಒಂದು ಸಾಲು.

ರೈಲು ಹೋದರೇನು, ಬಸ್ ಇತ್ತಲ್ಲ ಎನ್ನುತ್ತೀರಾ? ಪ್ರಾಂತ್ಯದ ಸರ್ಕಾರಿ ಬಸ್ ಸಂಸ್ಥೆಯನ್ನು 2017ರ ಮೇ ತಿಂಗಳಲ್ಲಿ ಮುಚ್ಚಿದರು. ಸಂಗ್ರಹಾಲಯದ ಅಜ್ಜಿಯರು ಗಾಬರಿಯಾಗಬೇಕಿಲ್ಲ, ಲಾಂದ್ರಗಳನ್ನು ಸ್ವಲ್ಪ ಒತ್ತರಿಸಿದರೆ ಬಸ್ ನಿಲ್ದಾಣದ ಫಲಕಕ್ಕೂ ಜಾಗವಾಗುತ್ತದೆ. ದಾನ ಕೊಡುವವರು ಸ್ವಂತ ಕಾರಿನಲ್ಲಿ ತಂದುಕೊಡಬೇಕು.