ಎತ್ತರ ಇದ್ರೆ ಎಸ್‌ಯುವಿ, ಎಸ್‌ಯುವಿ ಆದ್ರೆ ಸೇಫ್ ಅನ್ನೋದು ಅರ್ಧ ಸತ್ಯ

"ಎಸ್‌ಯುವಿ ತಗೊಳ್ಳಿ, ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತೆ, ಎತ್ತರ ಇರೋದ್ರಿಂದ ಪಲ್ಟಿನೂ ಆಗಲ್ಲ" ಅಂತ ಒಂದು ಮೆಸೇಜ್ ಓಡಾಡ್ತಿದೆ. ಎರಡೂ ತಪ್ಪು.

ಈಗ ಎಸ್‌ಯುವಿ ಅಂತ ಮಾರೋದ್ರಲ್ಲಿ ಬಹುಪಾಲು ಕ್ರಾಸ್‌ಓವರ್‌ಗಳು, ಅಂದ್ರೆ ಕೆಳಗಿರೋದು ಮಾಮೂಲಿ ಕಾರಿನ ಮೊನೊಕಾಕ್ ಬಾಡಿನೇ (ಬಾಡಿ, ಚಾಸಿ ಎರಡೂ ಸೇರಿ ಒಂದೇ), ಹಳೇ ಜೀಪ್ ತರ ಲ್ಯಾಡರ್ ಫ್ರೇಮ್ (ಏಣಿ ಆಕಾರದ ಬೇರೆ ಚಾಸಿ, ಅದರ ಮೇಲೆ ಬಾಡಿ) ಅಲ್ಲ. 1994ರಲ್ಲಿ ಬಂದ ಟೊಯೊಟಾ ರಾವ್4 ಈ ದಾರೀಲಿ ಮೊದಮೊದಲು ಹೆಸರು ಮಾಡಿದ ಗಾಡಿ. ಇವುಗಳಲ್ಲಿ ಸುಮಾರು ಮಾಡೆಲ್‌ಗಳಿಗೆ ಮುಂದಿನ ಎರಡು ಚಕ್ರಕ್ಕೆ ಮಾತ್ರ ಪವರ್, ಬ್ರೋಷರ್ ಓದಿದ್ರೆ ಗೊತ್ತಾಗುತ್ತೆ (ಯಾರು ಓದ್ತಾರೆ ಬಿಡಿ). ಇನ್ನು ಫೋರ್ ವೀಲ್ ಡ್ರೈವ್ ಇದ್ರೂ ಅದು ಜಾರೋ ಜಾಗದಲ್ಲಿ ಮುಂದಕ್ಕೆ ಎಳೆಯೋಕೆ ಅಷ್ಟೇ, ಬ್ರೇಕ್ ಹೊಡೆದಾಗ ಬೇಗ ನಿಲ್ಲಿಸಲ್ಲ, ಅದು ಟೈರ್ ಕೆಲಸ.

ಪಲ್ಟಿ ವಿಷ್ಯ ಪೂರ್ತಿ ಉಲ್ಟಾ. ಎತ್ತರ ಜಾಸ್ತಿಯಾದಷ್ಟೂ ಗುರುತ್ವ ಕೇಂದ್ರ ಮೇಲೆ ಹೋಗುತ್ತೆ, ತಿರುವಲ್ಲಿ ವಾಲೋದೂ ಜಾಸ್ತಿ. ಈಗ ಪಲ್ಟಿ ಕಮ್ಮಿಯಾಗಿದ್ರೆ ಅದಕ್ಕೆ ದೊಡ್ಡ ಕಾರಣ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ (ಗಾಡಿ ಹಿಡಿತ ತಪ್ಪೋ ಹೊತ್ತಿಗೆ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕೋ ವ್ಯವಸ್ಥೆ), ಎತ್ತರ ಅಲ್ಲ. ಮೇಲೆ ಕೂತ್ರೆ ದೂರದ ರೋಡ್ ಚೆನ್ನಾಗಿ ಕಾಣುತ್ತೆ ನಿಜ, ಆದ್ರೆ ಬಾನೆಟ್ ಮುಂದೆನೇ ನಿಂತಿರೋ ಮಗು ಕಾಣದೇ ಹೋಗಬಹುದು.

ಹಂಗಂತ ತಗೊಳ್ಳೋರೆಲ್ಲ ದಡ್ಡರಲ್ಲ. ಮಂಡಿನೋವು ಇರೋರಿಗೆ ಬಗ್ಗದೆ ಹತ್ತಿ ಇಳಿಯೋದು, ಹಂಪ್‌ಗೆ ತಳ ತಾಗದಿರೋದು, ಡಿಕ್ಕೀಲಿ ಜಾಗ, ಇವೆಲ್ಲ ಅಪ್ಪಟ ಲಾಭಗಳೇ. ಸೇಫ್ಟಿಗೆ ಮಾತ್ರ ಆ ಮಾಡೆಲ್‌ನ ಕ್ರ್ಯಾಶ್ ಟೆಸ್ಟ್ ರಿಸಲ್ಟ್ ನೋಡಿ, ಎತ್ತರ ಅಳೀಬೇಡಿ.