ಕಂಬ ಇಳಿಸೋ ಮೊದ್ಲು ತಳ ನೋಡಿ
ಲೇಖನ ಚೆನ್ನಾಗಿದೆ, ಆದ್ರೆ ನೀರಲ್ಲಿ ದೋಣಿ ಕಟ್ಟಿ ನಿಲ್ಸೋ ಅಟ್ಟಣೆಯ ಕಂಬಗಳನ್ನ ಸುತ್ತಿಗೇಲಿ ಹೊಡೆದು ಇಳಿಸಿದ್ರೆ ಸಾಕು ಅಂತ ಬರ್ದಿದೀರಲ್ಲ, ಅದು ಎಲ್ಲಾ ಕಡೆ ನಡಿಯಲ್ಲ. ಮೊದ್ಲು ಉದ್ದನೆ ಕಬ್ಬಿಣದ ಸರಳು ಚುಚ್ಚಿ ನೀರಿನ ತಳದಲ್ಲಿ ಏನಿದೆ ನೋಡ್ಬೇಕು. ಮರಳಿದ್ರೆ ಹೊಡಿಯೋದೇ ಬೇಡ, ಪಂಪ್‌ಗೆ ಪೈಪ್ ಹಾಕಿ ಕಂಬದ ಬುಡದ ಹತ್ರ ಜೋರಾಗಿ ನೀರು ಬಿಟ್ರೆ ಮರಳು ಸಡಿಲ ಆಗುತ್ತೆ, ಕಂಬನ ಆಕಡೆ ಈಕಡೆ ತಿರುಗಿಸ್ತಾ ಒತ್ತಿದ್ರೆ ಇಳೀತಾ ಹೋಗುತ್ತೆ, ನೀರು ನಿಲ್ಸಿದ್ಮೇಲೆ ಮರಳು ವಾಪಸ್ ಕೂತು ಗಟ್ಟಿ ಹಿಡ್ಕೊಳುತ್ತೆ, ಅಲ್ಲಿವರೆಗೂ ನೆಟ್ಟಗೆ ಹಿಡಿದಿರ್ಬೇಕು ಅಷ್ಟೆ. ದಯವಿಟ್ಟು ಪೆಟ್ರೋಲ್‌ನಲ್ಲಿ ಓಡೋ ಪಂಪೇ ಇಟ್ಕೊಳಿ, ನೀರಲ್ಲಿ ನಿಂತು ಕರೆಂಟ್ ಜೊತೆ ಕೆಲಸ ಬೇಡವೇ ಬೇಡ. ಗಟ್ಟಿ ಜೇಡಿಮಣ್ಣಲ್ಲಿ ಈ ನೀರು ಬಿಡೋ ಉಪಾಯ ಅಷ್ಟಾಗಿ ಆಗಲ್ಲ. ಬರೀ ಕೆಸರಿದ್ರೆ ಬುಡಕ್ಕೆ ಅಗಲವಾದ ಪ್ಲೇಟ್ ಇರ್ಲೇಬೇಕು, ಇಲ್ಲಾಂದ್ರೆ ಭಾರಕ್ಕೆ ಹೂತ್ಕೊಂಡು ಹೋಗುತ್ತೆ.

ಇನ್ನೊಂದು ವಿಷ್ಯ, ಸಿಹಿನೀರಲ್ಲಿ ಮರದ ಕಂಬದ ಯಾವಾಗ್ಲೂ ಮುಳುಗಿರೋ ಭಾಗ ಬೇಗ ಕೊಳೆಯಲ್ಲ, ಗಾಳಿ ಸಿಗಲ್ವಲ್ಲ, ಕೊಳೆಯೋದು ನೀರು ಏರಿ ಇಳಿಯೋ ಮಟ್ಟದಲ್ಲಿ, ಆಗಾಗ ಅಲ್ಲೇ ಚುಚ್ಚಿ ನೋಡಿ. ನೀರು ಹೆಪ್ಪುಗಟ್ಟೋ ಜಾಗದಲ್ಲಂತೂ ಐಸ್ ಕಂಬನ ಹಿಡ್ಕೊಂಡು ನೀರಿನ ಮಟ್ಟ ಏರಿದಾಗ ಮೇಲಕ್ಕೆ ಕಿತ್ಬಿಡುತ್ತೆ, ಅಂಥಲ್ಲಿ ಚಳಿಗಾಲಕ್ಕೆ ಬಿಚ್ಚಿಡೋ ಥರದ ಅಟ್ಟಣೆನೇ ಒಳ್ಳೇದು.