ವಾಪಸ್ ಬರ್ಲೇ ಇಲ್ವಲ್ಲ!

ಮೂರು ತಿಂಗಳ ಹಿಂದೆ ಗೆಳೆಯನೊಬ್ಬನಿಗೆ ಓದೋಕೆ ಕೊಟ್ಟಿದ್ದ ಪುಸ್ತಕ ನಿನ್ನೆ ವಾಪಸ್ ಬಂತು. ಮುಖಪುಟದ ಮೇಲೆ ದುಂಡಗೆ ಕಾಫಿ ಲೋಟದ ಕಲೆ. ಅದಕ್ಕೆ ಸಿಟ್ಟಿಲ್ಲ (ಇದೆ, ಇರಲಿ). ಸಿಟ್ಟು ಬಂದದ್ದು ಅವನ ಮಾತಿಗೆ: "ಚೆನ್ನಾಗಿದೆ ಮಾರಾಯ, ಆದ್ರೆ ಕೊನೆಗೂ ಅವ್ನು ವಾಪಸ್ ಬರ್ಲೇ ಇಲ್ವಲ್ಲ!"

ಅದು ಮಾರ್ಕಸ್ ಟ್ರೆಸ್ಕೋಥಿಕ್‌ನ ಆತ್ಮಕಥೆ, 2008ರ 'ಕಮಿಂಗ್ ಬ್ಯಾಕ್ ಟು ಮಿ' (ನನ್ನ ಹತ್ತಿರ ನಾನೇ ವಾಪಸ್ ಬಂದೆ ಅನ್ನೋ ಅರ್ಥ). ಕಾಲೇ ಅಲ್ಲಾಡಿಸದೆ ಚೆಂಡನ್ನು ಕವರ್ಸ್‌ಗೆ ಅಟ್ಟುತ್ತಿದ್ದ ಇಂಗ್ಲೆಂಡಿನ ಎಡಗೈ ಓಪನರ್. 76 ಟೆಸ್ಟ್, 14 ಶತಕ. 2006ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದವನು ಬರೋಡಾದ ಡ್ರೆಸ್ಸಿಂಗ್ ರೂಮಿನಲ್ಲಿ ಕುಸಿದು ಅತ್ತು, ಮನೆಗೆ ಹೊರಟುಬಿಟ್ಟ. ಆಮೇಲೆ ಟೀವಿಯಲ್ಲಿ ಹೇಳಿದ್ದು, ಯಾವುದೋ ವೈರಸ್ ತಗಲಿತ್ತು ಅಂತ. (ಭಾರತಕ್ಕೆ ಬಂದ ಬಿಳಿಯರಿಗೆ ಇದೊಂದು ಅನುಕೂಲ. ನಮ್ಮ ನೀರಿನ ಮೇಲೆ ಹಾಕಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.) ನಿಜಕ್ಕೆ ಅದು ಖಿನ್ನತೆ. ಅದೇ ನವೆಂಬರಿನಲ್ಲಿ ಆಸ್ಟ್ರೇಲಿಯಾದಿಂದಲೂ, ಆ ದೇಶದ ಜೊತೆಗಿನ ಟೆಸ್ಟ್ ಸರಣಿ ಆಶಸ್‌ಗೆ ಮುಂಚೆಯೇ ವಾಪಸ್. 2008ರಲ್ಲಿ ತನ್ನ ಕೌಂಟಿ (ಅಲ್ಲಿನ ಜಿಲ್ಲೆ) ತಂಡದ ಜೊತೆ ಹೊರಟವನು ಹೀಥ್ರೋ ವಿಮಾನ ನಿಲ್ದಾಣದ ಎಲೆಕ್ಟ್ರಾನಿಕ್ಸ್ ಅಂಗಡಿಯ ಮೂಲೆಯಲ್ಲಿ ಮುದುಡಿ ಕೂತು ಬಿಕ್ಕಿ ಬಿಕ್ಕಿ ಅತ್ತ. ವಿಮಾನ ಹತ್ತಲಿಲ್ಲ. ಅಂತರರಾಷ್ಟ್ರೀಯ ಕ್ರಿಕೆಟ್ ಅಲ್ಲಿಗೆ ಮುಗಿಯಿತು.

ಪುಸ್ತಕ ಬಂದಾಗ ಅಲ್ಲಿನ ಪತ್ರಿಕೆಗಳು ಮುಗಿಬಿದ್ದದ್ದು ಯಾವುದಕ್ಕೆ ಗೊತ್ತಾ? 2005ರ ಆಶಸ್‌ನಲ್ಲಿ ಚೆಂಡಿಗೆ ಹೊಳಪು ಬರಲಿ ಅಂತ ಪೆಪ್ಪರ್‌ಮೆಂಟ್ ಚೀಪಿ ಎಂಜಲು ಹಚ್ಚುತ್ತಿದ್ದೆ ಅಂತ ಬರೆದಿದ್ದಾನಲ್ಲ, ಅದಕ್ಕೆ. ಪೆಪ್ಪರ್‌ಮೆಂಟ್!

ನಾವೇನು ಕಮ್ಮಿಯಿಲ್ಲ. ನಮ್ಮ ರಾಬಿನ್ ಉತ್ತಪ್ಪ 2020ರಲ್ಲಿ ಬಾಯಿಬಿಟ್ಟು ಹೇಳಿದರು, 2009ರಿಂದ 2011ರವರೆಗೆ ಖಿನ್ನತೆಯಲ್ಲಿ ಎಷ್ಟು ನರಳಿದೆ ಅಂತ. ನನ್ನ ಪಕ್ಕದಲ್ಲಿ ಕೂತವರು ಅದನ್ನು ಪೂರ್ತಿ ಕೇಳಲೂ ಇಲ್ಲ. "ಆದ್ರೂ 2014ರಲ್ಲಿ ಆರೆಂಜ್ ಕ್ಯಾಪ್ ಹೊಡೆದ ನೋಡಿ!" ಅಂದರು (ಐಪಿಎಲ್‌ನಲ್ಲಿ ಅತಿ ಹೆಚ್ಚು ರನ್ ಹೊಡೆದವನಿಗೆ ಕೊಡೋ ಟೋಪಿ). 660 ರನ್ ಬರದೇ ಹೋಗಿದ್ದರೆ ಆ ಎರಡು ಮೂರು ವರ್ಷಕ್ಕೆ ಬೆಲೆಯೇ ಇರ್ತಿರಲಿಲ್ಲವೇನೋ. ಕಾಯಿಲೆ ಬಿದ್ದವನು ಗುಣವಾದರೆ ಸಾಲದು, ಕಪ್ಪೂ ಎತ್ತಿಕೊಂಡು ಬರಬೇಕು.

ಗೆದ್ದವರ ಕಥೆ ನಾಲ್ಕು ಜನಕ್ಕೆ ಧೈರ್ಯ ಕೊಡುತ್ತೆ ಅಂತೀರಿ. ಕೊಡಬಹುದು. ನನಗಂತೂ ಅದು ಇನ್ನೊಂದು ಪರೀಕ್ಷೆಯ ಹಾಲ್ ಟಿಕೆಟ್ ಕಂಡಂಗೆ ಕಂಡಿತ್ತು.

ಹೇಳೇಬಿಡ್ತೀನಿ. 2017ರಲ್ಲಿ ಎರಡು ತಿಂಗಳು ಇಲ್ಲಿಂದ ನಾಪತ್ತೆಯಾಗಿದ್ದೆ, ನೆನಪಿದೆಯಾ? ಡೆಂಗಿ ಅಂದಿದ್ದೆ. ಪಪ್ಪಾಯಿ ಎಲೆ ರಸ ಕುಡಿ ಅಂತ ನೀವೆಲ್ಲ ಕಾಮೆಂಟ್ ಹಾಕಿದ್ದಿರಿ, ಒಬ್ಬರು ಎಲೆಯನ್ನೇ ಕವರಿನಲ್ಲಿ ಹಾಕಿ ಮನೆಗೆ ತಂದುಕೊಟ್ಟಿದ್ದರು. ಡೆಂಗಿ ಅಲ್ಲ. ಬೆಳಗ್ಗೆ ಎಂಟಕ್ಕೆ ಶೂ ಹಾಕಿಕೊಳ್ಳೋಕೆ ಕೂತವನು ಹನ್ನೊಂದಾದರೂ ಒಂದೇ ಕಾಲಿಗೆ ಶೂ ಹಾಕಿಕೊಂಡು ಅಲ್ಲೇ ಕೂತಿರ್ತಿದ್ದೆ. ಡಾಕ್ಟರು, ಮಾತ್ರೆ ಎಲ್ಲ ಆಯಿತು. ಆಗ ಮಾಡ್ತಿದ್ದ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಅಮ್ಮ ನೆಂಟರ ಮುಂದೆ ಇವತ್ತಿಗೂ ಡೆಂಗಿ ಅಂತಲೇ ಹೇಳ್ತಾಳೆ, ನಾನು ತಿದ್ದೋಕೆ ಹೋಗಲ್ಲ.

ಅದಕ್ಕೇ ಈ ಪುಸ್ತಕ ನನಗೆ ಬೇಕು. ಇದರಲ್ಲಿ ಯಾವ ಕಪ್ಪೂ ಇಲ್ಲ. ಬರೋಡಾದಲ್ಲಿ ಖಾಲಿಯಾದ ಜಾಗಕ್ಕೆ ಅಲಸ್ಟೇರ್ ಕುಕ್ ಎಂಬ ಹುಡುಗ ಬಂದು ನಾಗಪುರದಲ್ಲಿ 60, ಔಟಾಗದೆ 104 ಹೊಡೆದ. ಆಟ ನಡೆಯುತ್ತಲೇ ಇತ್ತು. ಟ್ರೆಸ್ಕೋಥಿಕ್ ತನ್ನೂರ ಕಡೆಯ ಸಾಮರ್‌ಸೆಟ್‌ಗೆ 43ನೇ ವಯಸ್ಸಿನವರೆಗೂ ಆಡಿದ. ಕೌಂಟಿ ಚಾಂಪಿಯನ್‌ಶಿಪ್ ಒಂದು ಸಲವೂ ಸಿಗಲಿಲ್ಲ. 2019ರ ಸೆಪ್ಟೆಂಬರ್, ಟಾಂಟನ್, ಕಡೇ ಪಂದ್ಯ. ಪ್ರಶಸ್ತಿ ಎಸೆಕ್ಸ್ ಪಾಲಾಗುತ್ತಿತ್ತು. ಹನ್ನೊಂದರಲ್ಲಿ ಇವನ ಹೆಸರೇ ಇರಲಿಲ್ಲ. ಕೊನೆಯ ಕೆಲವು ನಿಮಿಷಕ್ಕೆ ಬದಲಿ ಫೀಲ್ಡರ್ ಆಗಿ ಬಂದು ಸ್ಲಿಪ್‌ನಲ್ಲಿ ನಿಂತ, ಇಡೀ ಮೈದಾನ ಚಪ್ಪಾಳೆ ತಟ್ಟಿತು.

ವಾಪಸ್ ಬರಲಿಲ್ಲವಂತೆ! ಮುಖಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿದೆಯಲ್ಲೋ, ಯಾರ ಹತ್ತಿರ ವಾಪಸ್ ಬಂದೆ ಅಂತ. ನೀನು ಲೋಟ ಇಟ್ಟದ್ದು ಅದರ ಮೇಲೇ.